ಸ್ಟಿಕರಿನಡಿಯ ನೀಲಿ

ಥಿನ್ನರ್ ವಾಸನೆ ಮೂಗಿಗೆ ಬಡಿದರೆ ಉಳಿದವರಿಗೆ ತಲೆನೋವು ಬರುತ್ತದಂತೆ. ನನಗೆ ಪಕ್ಕದ ಮನೆಯ ಪೇಂಟರ್ ಕಾಕಾ ನೆನಪಾಗುತ್ತಾರೆ. ಹೋದ ವಾರ ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿರುವ ಬಣ್ಣದ ಶೆಡ್ಡಿನಲ್ಲಿ ನನ್ನ ಸ್ಕೂಟರ್ ನಿಲ್ಲಿಸಿ ಕುಳಿತಾಗಲೂ ಹಾಗೇ ಆಯಿತು.

ಸ್ಕೂಟರಿನ ಅವಸ್ಥೆ ಹೇಳುವಂತಿರಲಿಲ್ಲ. ಒಂದು ಕಾಲಕ್ಕೆ ಕಡುನೀಲಿ ಇದ್ದದ್ದು ನಮ್ಮ ಬಿಸಿಲಿಗೆ ಬಿಳಿಚಿಕೊಂಡು, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಕೈಗೆ ಪುಡಿ ಹತ್ತುತ್ತಿತ್ತು. ಏರಿ ಇಳಿದು ನನ್ನ ಸೀರೆಗಳ ಅಂಚೆಲ್ಲ ನೀಲಿ. ಸೀಟಿನ ಕೆಳಗೆ ಬಣ್ಣ ಹಪ್ಪಳದಂತೆ ಎದ್ದು, ಒಳಗಿನಿಂದ ತುಕ್ಕು ಇಣುಕುತ್ತಿತ್ತು. ನಾನು ನರ್ಸು. ಊರೂರು ತಿರುಗಿ ಬಾಣಂತಿಯರಿಗೆ ಸ್ವಚ್ಛತೆಯ ಪಾಠ ಹೇಳುವವಳು. ಇಂಥ ಗಾಡಿಯಿಂದ ಇಳಿದು ಆ ಪಾಠ ಹೇಳಲು ನನಗೇ ನಾಚಿಕೆ ಆಗತೊಡಗಿತ್ತು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ, ಅಲ್ಲಿಯವರೆಗೆ ಬಾಳಲಿ ಎಂದು ಬಣ್ಣ ಹೊಡೆಸಲು ಹೋಗಿದ್ದೆ.

ಶೆಡ್ಡಿನ ಮಿಸ್ತ್ರಿ ಒಂದು ಸುತ್ತು ಹಾಕಿ ನೋಡಿದ.

"ಪೂರಾ ಕೆರೀಬೇಕ್ರಿ ಸಿಸ್ಟರ್. ತಗಡ ಕಾಣೂತನ ಕೆರದು, ಆಮ್ಯಾಲ ಹೊಡೀಬೇಕು."

ಕಾಲಿನ ಮುಂದಿನ ಅಗಲ ತಗಡಿನ ಮೇಲೆ ಲಸಿಕೆ ಅಭಿಯಾನದ ಒಂದು ಹಳೆಯ ಸ್ಟಿಕರ್ ಇತ್ತು. ಅದರ ಮಕ್ಕಳ ಚಿತ್ರ ಅಳಿಸಿಹೋಗಿ ಎಷ್ಟೋ ವರ್ಷ. ಮಿಸ್ತ್ರಿ ಬಿಸಿನೀರಿನ ಅರಿವೆಯನ್ನು ಅದರ ಮೇಲೆ ಒತ್ತಿಟ್ಟು, ಮೂಲೆ ಹಿಡಿದು ನಿಧಾನವಾಗಿ ಎಳೆದ. ಅಡಿಯಲ್ಲಿ ನೀಲಿ ಹೊಸದಾಗೇ ಇತ್ತು. ನಿನ್ನೆ ಹೊಡೆದಂಥ ನೀಲಿ. ಅದರ ಮೇಲೆ ಬಿಳಿ ಬಣ್ಣದಲ್ಲಿ ಸೊಟ್ಟಸೊಟ್ಟಾಗಿ ಒಂದೇ ಶಬ್ದ: "ಬರಾಕತ್ತೇನಿ".

ಮಿಸ್ತ್ರಿ ನಕ್ಕ. ನನಗೆ ನಗು ಬರಲಿಲ್ಲ. ನಾನೇ ಮುಚ್ಚಿಟ್ಟು, ನಾನೇ ಮರೆತುಬಿಟ್ಟಿದ್ದೆ...

ಕಾಕಾ ಅಫಜಲಪುರ ಕಡೆಯ ಗೊಬ್ಬೂರಿನವರು. ಹರೆಯದಲ್ಲೇ ಜೇವರ್ಗಿಗೆ ಬಂದು, ಲಾರಿ, ಟಂಟಂ ಆಟೋ, ಕಿರಾಣಿ ಅಂಗಡಿಯ ಬೋರ್ಡು ಎಂದು ಊರಿನ ಅರ್ಧದಷ್ಟು ಅಕ್ಷರ ಬರೆದವರು. ನೆಲೋಗಿ ಬಸ್ಸಿನ ಕಿಟಕಿಯಿಂದಲೇ ನಾನು ಅವರ ಕೈ ಗುರುತು ಹಿಡಿಯುತ್ತಿದ್ದೆ. ಅವರು ಬರೆದ 'ರ' ಉಂಡು ಮಲಗಿದವರ ಹೊಟ್ಟೆಯ ಹಾಗೆ ತುಸು ಉಬ್ಬಿರುತ್ತಿತ್ತು. ಮಾತು ಕಡಿಮೆ. ಆದರೆ ಆಡಿದ ನಾಲ್ಕು ಮಾತಿನಲ್ಲಿ ಮೂರು ನನ್ನ ಕಾಲೆಳೆಯುವುದಕ್ಕೇ ಇರುತ್ತಿದ್ದವು.

ಅದಕ್ಕೆ ಕಾರಣ ನನ್ನ ಫೋನು. ಯಡ್ರಾಮಿ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಮೊದಲು ನನಗೆ ಫೋನು ಬರುತ್ತಿತ್ತು. ಎಲ್ಲಿದ್ದೀರಿ ಎಂದು ಅವರು ಕೇಳುವ ಮೊದಲೇ ನಾನು, ಆಗಲೇ ಹೊರಟು ದಾರಿಯಲ್ಲಿ ಬರುತ್ತಿರುವವಳ ಹಾಗೆ, "ಬರಾಕತ್ತೇನಿ, ಬರಾಕತ್ತೇನಿ" ಅನ್ನುತ್ತಿದ್ದೆ. ಒಲೆಯ ಮೇಲೆ ಅನ್ನ ಕುದಿಯುತ್ತಿರುತ್ತಿತ್ತು, ಕಾಲಿಗೆ ಚಪ್ಪಲಿಯೂ ಇರುತ್ತಿರಲಿಲ್ಲ. ನಮ್ಮ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಆಚೆಯಿಂದ ಕಾಕಾರ ದನಿ ಬರುತ್ತಿತ್ತು:

"ಎಲ್ಲೀತನ ಬಂದ್ಯವ್ವಾ? ಊರ ದಾಟಿದ್ಯೋ ಇಲ್ಲೋ?"

ನಾನು ಸುಳ್ಳುಬುರುಕಿ ಎಂದು ಅವರು ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ.

ಆಳಂದದ ಮೇಷ್ಟ್ರೊಬ್ಬರಿಂದ ಈ ಸ್ಕೂಟರ್ ಕೊಂಡು ತಂದಾಗ ಅದು ಸಿಮೆಂಟಿನ ಬಣ್ಣಕ್ಕಿತ್ತು. ಆ ಹೊತ್ತಿಗೆ ಕಾಕಾ ಅಕ್ಷರ ಬರೆಯುವುದನ್ನು ನಿಲ್ಲಿಸಿದ್ದರು. ಬಲಗೈ ನಡುಗುತ್ತಿತ್ತು. ಊರಲ್ಲಿ ಸ್ಟಿಕರ್ ಅಂಗಡಿಗಳೂ ಬಂದಿದ್ದವು, ಯಾರೂ ಅವರನ್ನು ಕರೆಯುತ್ತಿರಲಿಲ್ಲ. "ನಿನ್ ಗಾಡಿ ನಾನೇ ಹೊಡೀತೀನವ್ವಾ" ಎಂದು ತಾವಾಗಿಯೇ ಕೇಳಿಕೊಂಡರು. ಯಾವ ಬಣ್ಣ ಎಂದು ಕೇಳಲೇ ಇಲ್ಲ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇರುವ ಗೋಡೆ ನೀಲಿ, ನಮ್ಮಪ್ಪ ಏಪ್ರಿಲ್ ಹದಿನಾಲ್ಕರ ಜಯಂತಿಗೆ ಹೊದೆಯುವ ಶಾಲು ನೀಲಿ; ಕೇಳುವುದೇನಿತ್ತು? ಮುಂದಿನ ತಗಡಿನ ಮೇಲೆ "ಆರೋಗ್ಯ ಸಹಾಯಕಿ" ಎಂದು ಬರೆಯಿರಿ ಎಂದಷ್ಟೇ ಹೇಳಿ ನಾನು ಡ್ಯೂಟಿಗೆ ಹೋದೆ. ಕೂಲಿ ಮಾಡುವವರ ಮನೆಯಿಂದ ಬಂದವಳು ನಾನು. ಆ ಎರಡು ಶಬ್ದ ಗಾಡಿಯ ಮೇಲೆ ಕಾಣಲಿ ಎಂಬ ಆಸೆ ನನಗೆ ಬಹಳ ಇತ್ತು.

ಸಂಜೆ ಬಂದು ನೋಡಿದರೆ ನೀಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಬರೆದದ್ದು ಮಾತ್ರ ಬೇರೆ. ಬಾಯಲ್ಲಿ ಆಡುವ ಶಬ್ದವನ್ನು ಇದ್ದ ಹಾಗೇ ಬರೆದುಬಿಟ್ಟಿದ್ದರು. ಅದೂ ಅಕ್ಷರಗಳೆಲ್ಲ ಇಳಿಜಾರಿನಲ್ಲಿ ಹೊರಟಂತೆ ಕೆಳಗೆ ಬಾಗಿದ್ದವು. 'ತ'ಕ್ಕೆ ಒತ್ತೂ ಇರಲಿಲ್ಲ.

"ಸರಿ ಬಂದದೇನವ್ವಾ?"

"ಒತ್ತು ಬಿಟ್ಟದ್ರಿ ಕಾಕಾ" ಅಂದೆ. ಅವರು ಮತ್ತೆ ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಒತ್ತು ಹಾಕಿದರು. ಅದು ಅಕ್ಷರ ಬಿಟ್ಟು ಎರಡು ಬೆರಳು ಕೆಳಗೆ ಹೋಗಿ ಕೂತಿತು. ಎದ್ದು ನಿಂತು ನನ್ನ ಮುಖ ನೋಡಿದರು.

"ನೀ ಹಂಗ ಅಂದ್ರ ಆ ಕಡಿ ಹೆಣ್ಮಗಳಿಗಿ ಅರ್ಧಾ ಜೀವ ಬರ್ತದವ್ವಾ. ಗಾಡಿ ದೂರದಾಗ ಕಂಡ್ರೂ ಓದ್ಕೋಲಿ, ಅದಕ ಬರದೀನಿ."

ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. "ಭಾಳ ಚಂದ ಆಗೇದ್ರಿ" ಎಂದು ಹೇಳಿದೆ. ಒಳಗೆ ಹೋಗಿ ಸ್ವಲ್ಪ ಅತ್ತೆ. ಯಾಕೆ ಅತ್ತೆನೋ... ಅವರ ಪ್ರೀತಿಗೋ, ನನ್ನ ಹೊಸ ಗಾಡಿ ಕೆಟ್ಟಿತು ಎಂದೋ, ಇವತ್ತಿಗೂ ತಿಳಿಯದು.

ಒಂದು ತಿಂಗಳು ಹಾಗೇ ಓಡಾಡಿದೆ. ಹಳ್ಳಿಯವರು ಓದಿ ನಗುತ್ತಿದ್ದರು, ಕರೆದು ಚಹಾ ಕೊಡುತ್ತಿದ್ದರು. ಆಮೇಲೆ ಒಂದು ಮೀಟಿಂಗಿನ ದಿನ, ಬೇರೆ ಕಡೆಯಿಂದ ಬಂದಿದ್ದ ಸಾಹೇಬರೊಬ್ಬರು ಗಾಡಿಯ ಮುಂದೆ ನಿಂತು, "ಇದು ಯಾವ ಕನ್ನಡ? ಸಣ್ಣ ಮಕ್ಕಳ ಕೈಲಿ ಬರೆಸಿದ್ದೀರಾ?" ಎಂದು ಎಲ್ಲರೆದುರು ಕೇಳಿದರು. ಜೊತೆಯವರು ನಕ್ಕರು. ನಾನೂ ನಕ್ಕೆ. ಅದೇ ಮಧ್ಯಾಹ್ನ ಅಭಿಯಾನದ ಒಂದು ದೊಡ್ಡ ಸ್ಟಿಕರ್ ತಂದು ಅದರ ಮೇಲೆ ಅಂಟಿಸಿದೆ.

ಸಂಜೆ ಕಾಕಾ ಗೋಡೆಯ ಆಚೆ ಕುಂಚ ತೊಳೆಯುತ್ತಿದ್ದರು. ಕೆಲಸ ಇರಲಿ ಬಿಡಲಿ, ಕುಂಚ ತೊಳೆಯುವುದನ್ನು ಅವರು ಬಿಟ್ಟಿರಲಿಲ್ಲ. ಗಾಡಿ ನೋಡಿದರು. ಸುತ್ತು ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದು ಅದರ ಮುಂದೆ ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗಾಳಿ ಉಳದದ ಇಲ್ಲಿ. ಬಿಸಲಿಗಿ ಏಳ್ತದ," ಎಂದರು. ನಡುಗುವ ಹೆಬ್ಬೆರಳಿನಿಂದ ಸ್ಟಿಕರಿನ ನಡುವಿನಿಂದ ಅಂಚಿನವರೆಗೆ ಒತ್ತುತ್ತಾ ಒತ್ತುತ್ತಾ, ಒಂದೊಂದೇ ಗುಳ್ಳೆ ಹೊರಗೆ ಹಾಕಿದರು. ನಾಲ್ಕೂ ಮೂಲೆ ಉಜ್ಜಿ ಕೂರಿಸಿದರು. ನಾನು ಅಂಟಿಸಿದ್ದು ಒಂದು ವಾರವೂ ನಿಲ್ಲುತ್ತಿರಲಿಲ್ಲ. ಹನ್ನೆರಡು ವರ್ಷ ಅದು ಕದಲದೆ ನಿಂತದ್ದು ಕಾಕಾರ ಕೈಗುಣ.

ತಪ್ಪಾಯ್ತು ಎಂದು ನಾನು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಚಹಾ ಕುಡೀತೀರೇನ್ರಿ ಕಾಕಾ?" ಎಂಬ ಮಾತು. ಕುಡಿದರು. ಸಕ್ಕರೆ ಕಡಿಮೆಯಾಗಿದೆ ಎಂದರು. ಆ ವಿಷಯ ಮತ್ತೆ ಎತ್ತಲೇ ಇಲ್ಲ. ಆದರೆ ಅಂದಿನಿಂದ ನನ್ನ ಫೋನು ಬಂದಾಗ ಗೋಡೆಯ ಆಚೆಯಿಂದ ಯಾರೂ ಏನೂ ಕೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಮಗಳ ಮನೆಗೆಂದು ಆಳಂದಕ್ಕೆ ಹೋದರು. ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಮಣ್ಣು ಆಗಿ ಮೂರು ದಿನವಾಗಿತ್ತು...

ಶೆಡ್ಡಿನಲ್ಲಿ ಮಿಸ್ತ್ರಿ ಪಾಲಿಶ್ ಕಾಗದ ಹಿಡಿದು ನಿಂತಿದ್ದ. ಎಲ್ಲವನ್ನೂ ಕೆರೆದರೆ ಗಾಡಿ ಉಳಿಯುತ್ತದೆ, ಕಾಕಾರ ಕೈಬರಹ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಕೆರೆಯದೆ ಬಿಟ್ಟರೆ ಇನ್ನೆರಡು ಮಳೆಗಾಲಕ್ಕೆ ತುಕ್ಕು ತಗಡನ್ನೇ ತಿನ್ನುತ್ತದೆ. ನಾನು ಬಹಳ ಹೊತ್ತು ಕೂತೆ. ಅವನು ಬೇಸರಪಡದೆ ಕಾದ, ಪುಣ್ಯಾತ್ಮ.

"ಮುಂದಿನ ತಗಡ ಬಿಟ್ಟು ಉಳದದ್ದು ಹೊಡೀಲಾಕ ಆಗ್ತದೇನ್ರಿ?" ಎಂದು ಕೇಳಿದೆ.

"ಆಗ್ತದ್ರಿ. ಖರೇ ಎರಡು ನೀಲಿ ಕೂಡಂಗಿಲ್ಲ, ತ್ಯಾಪಿ ಹಚ್ಚಿದಂಗ ಕಾಣ್ತದ. ಮತ್ತ ಬಿಸಲಿಗಿ ಬಿಟ್ರ ಈ ಅಕ್ಷರ ಎರಡು ಬ್ಯಾಸಗಿ ಉಳೀತಾವ ಅಷ್ಟ. ಅದೇ ಅಳತೀ ಹೊಸಾ ಸ್ಟಿಕರ್ ಅದಾವ ನಮ್ಮಲ್ಲಿ. ಮ್ಯಾಲ ಹಚ್ಚಿ ಕೊಡ್ಲೇನ್ರಿ? ಒಳಗ ಭದ್ರ ಇರ್ತದ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಭದ್ರವಾಗಿರುತ್ತದೆ, ಅದು ಸುಳ್ಳಲ್ಲ. ನಾನು ಬೇಡ ಎಂದೆ.

ನಿನ್ನೆ ಗಾಡಿ ಮನೆಗೆ ಬಂತು. ಎರಡು ಬಣ್ಣದ ನೀಲಿ, ನಡುವೆ ಆ ಸೊಟ್ಟ ಶಬ್ದ. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ತೋರಿಸಬೇಕಾದ ಮನುಷ್ಯ ಇಲ್ಲ. ಅವರು ಅದನ್ನು ಬರೆದದ್ದು ದೂರದಿಂದ ಓದುವವರಿಗಾಗಿ. ಹನ್ನೆರಡು ವರ್ಷ ಯಾರಿಗೂ ಕಾಣದ ಹಾಗೆ ಮಾಡಿದವಳು ನಾನು. ಇನ್ನು ಉಳಿದಿರುವುದು ಎರಡೇ ಬೇಸಿಗೆಯಾದರೆ, ಆ ಎರಡು ಬೇಸಿಗೆ ಜನ ಓದಲಿ.