ಸುಮಿತ್ರಕ್ಕನ ಪರವಾಗಿ ನಾನು ಒತ್ತಿದ ‘ಇಲ್ಲ’

ಸುಳ್ಳು ಸುದ್ದಿ ಇರಬೇಕು ಅಂದುಕೊಂಡೆ...
ಎರಡು ಸಲ ವಾರ್ಡಿಗೆ ಫೋನ್ ಮಾಡಿ ಕೇಳಿದೆ.
ನಿಜವಂತೆ.

ಗ್ರೂಪಿನ ಗೆಳೆಯರೇ, ವಡೋದರದ ನಮ್ಮ ಆಸ್ಪತ್ರೆಯ ಸಿಸ್ಟರ್, ಕುಂದಾಪುರದ ಸುಮಿತ್ರಕ್ಕ ಇನ್ನಿಲ್ಲ.
ಇಂದು ಬೆಳಿಗ್ಗೆ ಡ್ಯೂಟಿಯಲ್ಲೇ ಕುಸಿದರಂತೆ. ಹಾರ್ಟ್ ಅಟ್ಯಾಕ್...
ಅದೇ ವಾರ್ಡಿನ ನರ್ಸ್ ನಾನು, ಇವತ್ತು ನನಗೆ ವೀಕ್ಲಿ ಆಫ್.
ಅಲ್ಕಾಪುರಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಅವರ ಗಂಡ ಏಪ್ರನ್ ಬಿಚ್ಚದೆಯೇ ಓಡಿ ಬಂದರಂತೆ.

ಆರು ತಿಂಗಳಿಂದ ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದೆವು.
ಜನ ಕೊಡಿ ಎಂದು ಕೇಳಿದೆವು.
ಆನ್‌ಲೈನ್ ಧ್ಯಾನ ಕೊಟ್ಟರು!
ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತು ನಿಮಿಷ ಉಸಿರು ಗಮನಿಸಬೇಕು. ಕೊನೆಗೆ ಆರೋಗ್ಯದ ಪ್ರಶ್ನೆಗಳು.
ಧ್ಯಾನವನ್ನು ಬೈಯುತ್ತಿಲ್ಲ... ಕೂರಲು ಪುರುಸೊತ್ತು ಯಾರಿಗಿತ್ತು?

“ಜಲ್ದಿ ಪತಾವಿ ದೋ ಬೆನ್,” ಬೇಗ ಮುಗಿಸಿಬಿಡಿ ಎಂದು ಇನ್‌ಚಾರ್ಜ್ ತಲೆ ತಿನ್ನುತ್ತಿದ್ದರು.
ಹಾಗಾಗಿ ಎಲ್ಲರ ಪಾಸ್‌ವರ್ಡ್ ಕೀಬೋರ್ಡಿನ ಅಡಿಯ ಚೀಟಿಯಲ್ಲಿತ್ತು.
ವಾರಕ್ಕೊಬ್ಬರು ಎಲ್ಲರ ಧ್ಯಾನದ ಪಾಠವನ್ನೂ ಓಡಿಸಿ, ಪ್ರಶ್ನೆಗಳಿಗೂ ಉತ್ತರ ಒತ್ತಿ ಮುಗಿಸುವುದು.
ಹೋದ ವಾರ ನನ್ನ ಸರದಿ.

ಅಕ್ಕಾ... ನೀವೇ ಅಂದಿರಿ.
“ನಂದೂ ಹಾಕಿಬಿಡು ಮಾರಾಯ್ತಿ. ನಾನು ಕಣ್ಣು ಮುಚ್ಚಿ ಕೂತ್ರೆ ಡ್ರಿಪ್ ಯಾರು ನೋಡುವುದು?”
ಆಮೇಲೆ ಎದೆ ಉಜ್ಜಿಕೊಳ್ಳುತ್ತಾ, “ಎರಡು ದಿನ ಆಯ್ತು, ಇಲ್ಲಿ ಹಿಡಿದ ಹಾಗೆ ಆಗ್ತದೆ. ಗ್ಯಾಸೋ ಏನೋ...”
ನಾನು ಕೇಳಿಸಿಕೊಂಡೆ ಅಕ್ಕಾ.
“ಸೋಡಾ ಕುಡೀರಿ” ಎಂದು ನಕ್ಕೆ. ನರ್ಸ್ ಆಗಿ ನಾನು ಹೇಳಿದ ಮಾತು ಅದು!

ಹತ್ತೇ ನಿಮಿಷಕ್ಕೆ ನಿಮ್ಮ ಹೆಸರಿನಲ್ಲಿ ಪ್ರಶ್ನೆ ಬಂತು.
‘ಎದೆಯಲ್ಲಿ ಬಿಗಿತ ಇದೆಯೇ?’
‘ಹೌದು’ ಎಂದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತಿತ್ತು. ಹತ್ತು ಪ್ರಶ್ನೆ ಜಾಸ್ತಿ, ಆಮೇಲೆ ಡಾಕ್ಟರ್ ಚೆಕಪ್, ಒಬ್ಬರು ಡ್ಯೂಟಿಯಿಂದ ಕಡಿಮೆ.
ನಾನು ‘ಇಲ್ಲ’ ಒತ್ತಿದೆ.
ಎಲ್ಲರಿಗೂ ಒತ್ತಿದ ಹಾಗೆ.

ಈಗ ಆಸ್ಪತ್ರೆಯವರು ನೋಟಿಸ್ ಹಾಕಿದ್ದಾರಂತೆ... ‘ಸಿಸ್ಟರ್ ಸುಮಿತ್ರಾ ಧ್ಯಾನ ತರಬೇತಿಯನ್ನು ಪೂರ್ಣಗೊಳಿಸಿದ್ದರು, ಯಾವುದೇ ತೊಂದರೆ ಹೇಳಿಕೊಂಡಿರಲಿಲ್ಲ.’
ಹೇಳಿಕೊಂಡಿದ್ದರು.
ನನ್ನ ಹತ್ತಿರ.

ಆ ನೋಟಿಸ್ ಬರೆದವರ ಮೇಲೆ ಮೈ ಉರಿಯುವಷ್ಟು ಸಿಟ್ಟಿದೆ. ಆದರೆ ಅವರ ಕೈಗೆ ಆ ಸುಳ್ಳನ್ನು ಕೊಟ್ಟವಳು ನಾನು.
ನಾಳೆ ಬೆಳಿಗ್ಗೆ ಹೋಗಿ ಇದನ್ನೇ ಬರೆದುಕೊಡುತ್ತೇನೆ. ಕೆಲಸ ಹೋದರೆ ಹೋಗಲಿ.

ಹೋಗಿ ಬನ್ನಿ ಅಕ್ಕಾ... ಅಲ್ಲಾದರೂ ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.
ಅಲ್ಲಿ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, ನೀವೇ ಹೇಳಿ.