ಉಪ್ಪು ಜಾರಿದ ಸೂರು

ಭೀಮುನಿಪಟ್ಟಣದ ಆ ಮನೆಗೆ ನಮ್ಮಪ್ಪ ಕಾವಲುಗಾರನಾಗಿದ್ದ. ಬಳ್ಳಾರಿ ಕಡೆಯಿಂದ ಬಂದ ನಾವು ಅದರ ಹಿತ್ತಲ ಕೋಣೆಯಲ್ಲಿ ಬೆಳೆದೆವು. ಸುತ್ತಲಿನ ಯಾವ ಮನೆಗೂ ಅಂಥ ಚಾವಣಿ ಇರಲಿಲ್ಲ. ಕಡಿದಾಗಿ ಇಳಿದ ತಗಡು, ನಡುವೆ ಪುಟ್ಟ ಕಿಟಕಿಗಳು. ಕೆಳಗೆ ಸೂರು ಲಂಗದ ಅಂಚಿನಂತೆ ಹೊರಕ್ಕೆ ಬಾಗಿತ್ತು. ಕೆನಡಾದಲ್ಲಿ ಫ್ರೆಂಚ್ ಮಾತನಾಡುವ ಕಡೆಯಿಂದ ಬಂದ ದೊರೆಯೊಬ್ಬ ತನ್ನೂರಿನ ಮನೆಗಳ ಹಾಗೆ ಕಟ್ಟಿಸಿದನಂತೆ. ಅಲ್ಲಿ ಬೀಳುವ ಹಿಮ ಜಾರಿಹೋಗಲಿ ಎಂದು ಹೀಗೆ ಕಟ್ಟುತ್ತಾರೆ ಎಂದು ಅಪ್ಪ ಹೇಳಿದ್ದ.

"ಜಾರಿ ಎಲ್ಲಿ ಬೀಳ್ತದ?" ಎಂದು ಕೇಳಿದವಳು ಅಕ್ಕ. ಅಪ್ಪನಿಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ಮೇಲಿನ ಕಿಟಕಿಗೆ ಕಳಿಸಿ, ಹತ್ತಿರದ ಉಪ್ಪಿನ ಗದ್ದೆಯಿಂದ ತಂದ ಉಪ್ಪನ್ನು ತಗಡಿನ ಮೇಲೆ ಸುರಿಸಿದಳು. ಅದು ಸರ್ರನೆ ಇಳಿದು, ಬಾಗಿನಲ್ಲಿ ಎಗರಿ, ಗೋಡೆಗೆ ತಾಗದೆ ದೂರ ಅಂಗಳದಲ್ಲಿ ಬಿತ್ತು.

"ಗ್ವಾಡಿ ನೆನಿಬಾರದಂತ ಮಾಡ್ಯಾರ," ಎಂದಳು.

ಅಕ್ಕ ಮದುವೆಯಾಗಿ ವಿಜಯವಾಡದ ಕಡೆ ಹೋದಳು. ಅಲ್ಲಿ ಕೊಂಡಪಲ್ಲಿಯ ಮರದ ಬೊಂಬೆ ಮಾಡುವುದನ್ನು ಕಲಿತಳು. ಓದು ತಲೆಗೆ ಹತ್ತದ ನಾನು ವಿಶಾಖಪಟ್ಟಣದಲ್ಲಿ, ಕೆಡವಿದ ಮನೆಗಳ ಬಾಗಿಲು ತೊಲೆ ಮಾರುವ ಅಂಗಡಿ ಸೇರಿದೆ. ಹೋದ ವರ್ಷ ಆ ಮನೆಯನ್ನೇ ಕೆಡವುವ ಕೆಲಸ ನಮಗೆ ಬಂತು. ಅಕ್ಕನಿಗೆ ಫೋನ್ ಮಾಡಿದೆ.

"ನಾ ಅದರ ಬೊಂಬಿ ಮಾಡ್ತೀನಿ. ಫೋಟೊದಾಗ ಬಾಗು ತಿಳಿಯಂಗಿಲ್ಲ. ಅಳತಿ ಬರಿಯಾಕ ನಿನಗ ಬರಂಗಿಲ್ಲ. ಸೂರಿನ ಒಂದು ತುಂಡೇ ತಂದುಬಿಡು."

"ತರ್ತೀನಕ್ಕ."

ಕೆಡವುವಾಗ ನೋಡಿದರೆ ಜಂತೆಗಳೆಲ್ಲ ನೇರವಾಗಿದ್ದವು. ತುದಿಗೆ ಮೊಳದುದ್ದದ ಡೊಂಕು ತುಂಡುಗಳನ್ನು ಬಡಿದು ಆ ಬಾಗು ತಂದಿದ್ದರು. ನಾನು ಬೆರಗಾಗಿ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿದ್ದೂ ಉಂಟು. ಆದರೆ ಅವನ್ನು ಕೊಳ್ಳುವವರಿಲ್ಲ. ಆಮೇಲೆ ತೆಗೆದಿಡೋಣ ಎಂದುಕೊಂಡು ಜಂತೆಗಳನ್ನು ಲಾರಿಗೆ ಹತ್ತಿಸುವುದರಲ್ಲಿ ಮುಳುಗಿದೆ. ಎದುರಿನ ಟೀ ಅಂಗಡಿಯವರು ಸೌದೆ ಕೇಳಿದಾಗ, ಡೊಂಕು ತುಂಡುಗಳನ್ನೆಲ್ಲ ಒಯ್ಯಿರಿ ಎಂದವನು ನಾನೇ. ಅಕ್ಕನಿಗೆ ಮಾತ್ರ ಗೆದ್ದಲು ತಿಂದಿತ್ತು ಎಂದೆ.

ಈ ಸಲ ಅವಳ ಮನೆಗೆ ಹೋದಾಗ ಆ ಮನೆಯ ಬೊಂಬೆ ಸಿದ್ಧವಾಗಿತ್ತು. ಅಕ್ಕ ಚಾವಣಿಯ ಮೇಲೆ ಚಿಟಿಕೆ ಉಪ್ಪು ಬಿಟ್ಟಳು. ಅದು ಗೋಡೆಯನ್ನೇ ಹಿಡಿದು ಇಳಿಯಿತು.

"ಒಂದು ತುಂಡೂ ಬಿಡಲಿಲ್ಲೇನೋ ಗೆದ್ದಲು? ಅದು ಹತ್ತಬಾರದಂತ ಅಪ್ಪ ಕಟ್ಟಿಗಿಗೆ ವರ್ಷಾ ವರ್ಷಾ ಡಾಂಬರು ಬಳೀತಿದ್ದ."

"ತಿಂದಿರಲಿಲ್ಲಕ್ಕ. ಟೀ ಅಂಗಡಿ ಒಲಿಗೆ ಕೊಟ್ಟೆ."

ಅವಳು ಬೊಂಬೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒರೆಸಿದಳು. "ಚಾ ಆದ್ರೂ ಚಲೋ ಇತ್ತೇನು?"

ಅವಳೇ ಒಂದು ಮರದ ತುಂಡನ್ನು ನನ್ನತ್ತ ಸರಿಸಿದಳು.

"ಇರ್ಲಿ, ಚಾಕು ಹಿಡಿ. ನಾ ಬರೇ ಕೆಳಗಿಂದ ನೋಡಿದಾಕಿ. ಕೈಯಾಗ ಹಿಡಿದಾಂವ ನೀನು."

ಮೊದಲು ಕೆತ್ತಿದ ಸೂರಿನ ತುಂಡು ಅತಿಯಾಗಿ ಬಾಗಿ, ಉಪ್ಪು ಅಲ್ಲೇ ನಿಂತಿತು. ಇನ್ನೊಂದು ಕೆತ್ತಿದೆ, ಮತ್ತೊಂದು ಕೆತ್ತಿದೆ. ಸಂಜೆಗೆ ಉಪ್ಪು ಗೋಡೆ ಬಿಟ್ಟು ಹಾರಿ ಬಿತ್ತು.

"ಇದೇನಾ ಆ ಮನಿ ಬಾಗು?" ಎಂದು ಕೇಳಿದಳು.

ಹೌದು ಎನ್ನಬಹುದಿತ್ತು. ಗೊತ್ತಿಲ್ಲ ಎಂದೆ.