ಕರೆಯದೆ ಉಳಿದ ಮನೆ

ಮೊನ್ನೆ ಬ್ಯಾಂಕಿನಲ್ಲಿ ಪಾಸ್‌ಬುಕ್ ಪ್ರಿಂಟಿಗೆ ಕೊಟ್ಟು ನಿಂತಿದ್ದೆ. ಯಂತ್ರ ಕರಕರ ಎಂದಿತು, ಬಿಸಿಯಾದ ರಿಬ್ಬನ್ನಿನ ಶಾಯಿ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ನೋಡಿ... ಇದೇ ವಾಸನೆಯ ಕ್ಲಾಸಿನ ನಮ್ಮ ಕಂಪ್ಯೂಟರ್ ಮೇಡಂ ನೆನಪಾಗಿಬಿಟ್ಟರು.

ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಅವರು ಯುನಿಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ನಾನು ಆನವಟ್ಟಿಯಿಂದ ಬಸ್ಸಿಗೆ ಬರುತ್ತಿದ್ದೆ. ಮೇಡಂ ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು, ಬೈಯುವುದರಲ್ಲಿ ನಮ್ಮಜ್ಜಿಗೆ ಸಮ. ಒಂದು ದಿನ ಊರು, ಅಪ್ಪನ ಹೆಸರು ಸೇರಿದ ನನ್ನ ಹೆಸರನ್ನು ಒಂದೇ ಸಾಲಲ್ಲಿ ಕೊಟ್ಟರೆ, ನಾವು ಟೈಪಿಸಿದ್ದನ್ನು ಓದಿ ನಡೆಸುವ ಆ ಶೆಲ್ ಎಂಬ ಪ್ರಾಣಿ ಊರು ಬೇರೆ, ಅಪ್ಪ ಬೇರೆ, ನಾನು ಬೇರೆ ಮಾಡಿ ಚೆಲ್ಲಾಪಿಲ್ಲಿ ಮಾಡಿತು. "ಎಲ್ಲಿ ಕಡೀಬೇಕು ಅಂತ ನೀ ಹೇಳ್ಬೇಕು ಕಣೇ. ಸುಮ್ನಿದ್ರೆ ಖಾಲಿ ಜಾಗ ಕಂಡಲ್ಲೆಲ್ಲ ಕಡೀತದೆ," ಎಂದು ನಕ್ಕರು.

ಅದೇ ವರ್ಷ ಅವರಿಗೆ ಮದುವೆ ಗೊತ್ತಾಯಿತು. ಅಪ್ಪ ಇಲ್ಲದ ಹುಡುಗಿ. ಸಾಕಿ ಓದಿಸಿದವರು ನಮ್ಮ ಆನವಟ್ಟಿ ಪಕ್ಕದ ಕುಬಟೂರಿನ ಸೋದರಮಾವ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಹುಡುಗಾಟವಲ್ಲ. ಅಂಚೆಯಲ್ಲಿ ಕಾರ್ಡು ಹಾಕಿದರೆ ಆಗದು, ಮನೆಗೇ ಹೋಗಿ ಅಕ್ಷತೆ ಕೊಡಬೇಕು. ಒಂದು ಮನೆ ತಪ್ಪಿತೆಂದು ತಲೆಮಾರುಗಟ್ಟಲೆ ಮಾತು ಬಿಟ್ಟವರಿದ್ದಾರೆ. ಆ ಭಯಕ್ಕೇ ಮೇಡಂ ಕರೆಯಬೇಕಾದ ಮನೆಗಳದ್ದೊಂದು, ಕರೆದು ಬಂದ ಮನೆಗಳದ್ದೊಂದು ಪಟ್ಟಿ ಮಾಡಿದರು. ಪ್ರತಿ ಸಾಲನ್ನೂ ಕೋಲನ್ ಎಂಬ ಎರಡು ಚುಕ್ಕಿ ಇದ್ದಲ್ಲಿ ಕಡಿದು, ಹೆಸರುಗಳನ್ನು ಅರೇ ಎಂಬ ಖಾನೆಗಳ ಸಾಲಿಗೆ ತುಂಬಿ, ಎರಡು ಪಟ್ಟಿಯನ್ನೂ ಹೋಲಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಕರೆಯದೆ ಉಳಿದ ಮನೆ ತೆರೆಯ ಮೇಲೆ ಬರಬೇಕು. ದಿನಾ ಸಂಜೆ ಓಡಿಸುವುದು, ತೆರೆಯಲ್ಲಿ ಕಂಡ ಮನೆಗೆ ಮರುದಿನ ಹೋಗುವುದು. ಕೊನೆಗೊಮ್ಮೆ ತೆರೆ ಖಾಲಿ ಉಳಿಯಿತು. "ನೋಡ್ರೇ, ಒಂದು ಮನೆನೂ ಬಿಟ್ಟಿಲ್ಲ!" ಎಂದು ನಮಗೆಲ್ಲ ಮಂಡಕ್ಕಿ ತರಿಸಿದರು.

ಮದುವೆಯ ಬೆಳಿಗ್ಗೆ, ಹೆಣ್ಣನ್ನು ಮಂಟಪಕ್ಕೆ ಕರೆತರಲು ಸೋದರಮಾವ ಬೇಕು.

"ಮಾವ ಎಲ್ಲವ್ವಾ?" ಎಂದರು ಮೇಡಂ.

ಅವರ ತಾಯಿ ಮಗಳ ಮುಖವನ್ನೇ ನೋಡಿದರು. "ನೀ ಕರ್ದು ಬರ್ಲಿಲ್ವೇನೇ?"

"ನೀ ಹೋಗಿದ್ದೆ ಅಂತ ನಾನು..."

ಅಯ್ಯೋ ಶಿವನೇ! ನಮ್ಮವರೇ ಅಲ್ಲವೇ ಎಂದು ಮಾವನ ಹೆಸರನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆದಿರಲಿಲ್ಲ. ಎರಡರಲ್ಲೂ ಇಲ್ಲದ್ದನ್ನು ಆ ಶೆಲ್ ಎಲ್ಲಿಂದ ಹುಡುಕೀತು?

ಆ ಕಡೆಯವಳೆಂದು ನನ್ನನ್ನೇ ಜೀಪಿನಲ್ಲಿ ಓಡಿಸಿದರು. ಮಾವ ಗಡ್ಡ ತೆಗೆಸಿ, ಹೊಸ ಪಂಚೆ ಉಟ್ಟು, ಸೀರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯಲ್ಲಿ ಕುಳಿತಿದ್ದರು. "ಬೆಳಗ್ಗಿಂದ ದಾರಿ ನೋಡೀನವ್ವ. ಕರೀದೆ ಹೆಂಗ್ ಬರ್ಲಿ? ಕೂಸು ದೊಡ್ದಾತು, ಮಾವ ಬ್ಯಾಡಾದ ಅನ್ಕೊಂಡೆ," ಎಂದರು. ಅವಸರದಲ್ಲಿ ಅಕ್ಷತೆ ಕೊಡಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದೆ. ಆದರೂ ಜೀಪು ಹತ್ತಿದರು, ಪಾಪ.

ನಾವು ತಲುಪುವಷ್ಟರಲ್ಲಿ ಮುಹೂರ್ತ ಮೀರಿತ್ತು. ದೂರದ ಇನ್ಯಾರೋ ಮಾವನ ಕೈ ಹಿಡಿದು ಮೇಡಂ ಮಂಟಪ ಹತ್ತಿಯಾಗಿತ್ತು. ಬಾಗಿಲಲ್ಲೇ ನಿಂತು ನೋಡಿ, ಸೀರೆಯನ್ನು ನನ್ನ ಕೈಗಿಟ್ಟು, ಮಾವ ಉಣ್ಣದೆ ಹೊರಟುಬಿಟ್ಟರು. ಮೇಡಂ ಬಾಸಿಂಗ ಕಟ್ಟಿದ ಹಣೆಯಲ್ಲೇ ಬಸ್‌ಸ್ಟ್ಯಾಂಡಿನವರೆಗೆ ಓಡಿದರು... ಬಸ್ಸು ಹೋಗಿತ್ತು.

ಆಮೇಲೆ ಎಷ್ಟೋ ಸಲ ಹೋಗಿ ಕಾಲು ಹಿಡಿದರು, ಜೊತೆಗೆ ನಾನೂ ಇದ್ದೆ. ಮಾವ "ಇರ್ಲಿ ಬಿಡವ್ವ" ಎನ್ನುತ್ತಿದ್ದರು, ಊಟಕ್ಕೆ ಹಾಕಿಸುತ್ತಿದ್ದರು. ಆದರೆ ಮೇಡಂ ಮನೆಯ ಹೊಸಿಲು ತುಳಿಯದೆಯೇ ತೀರಿಕೊಂಡುಬಿಟ್ಟರು. ಆ ಅಳುವಿನಲ್ಲಿ ನಾವಿಬ್ಬರೂ ಅಕ್ಕತಂಗಿಯರಾದೆವು. ಇತ್ತೀಚೆಗೆ ಮಾತ್ರ ಫೋನು ಅಪರೂಪವಾಗಿತ್ತು.

ಬ್ಯಾಂಕಿನಿಂದ ಮನೆಗೆ ಬಂದವಳೇ ಅವರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು. ಅಮ್ಮ ತೀರಿಹೋಗಿ ಆರು ತಿಂಗಳಾಯಿತಂತೆ. ಅಳುತ್ತಲೇ ಸಿಟ್ಟಿನಲ್ಲಿ ಬೈದೆ ಕೂಡ: ಒಂದು ಮಾತು ತಿಳಿಸಬಾರದಿತ್ತೇ, ಮುಖವಾದರೂ ನೋಡುತ್ತಿದ್ದೆನಲ್ಲ!

ಆ ಹುಡುಗಿ ಬಿಕ್ಕುತ್ತಲೇ ಹೇಳಿದಳು: "ನಿಮಗೆ ಯಾರಾದ್ರೂ ಹೇಳಿರ್ತಾರೆ ಅಂತ ಎಲ್ರೂ ಅನ್ಕೊಂಡ್ವಿ ಚಿಕ್ಕಮ್ಮ... ನೀವು ಮನೆಯವರೇ ಅಲ್ವಾ."